ಮಾನಪತ್ರದಲ್ಲಿ ‘ಇಗ್ರೀಜಸ್’ ಅಂತ ಬರೆದುಬಿಟ್ಟೆ. ಈ ಪದದ ಅರ್ಥ ನಿಜಕ್ಕೂ ಏನು?

ಕೃಷ್ಣಾತೀರ

ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಇಂಗ್ಲಿಷ್ ನನ್ನ ವಿಷಯ ಅಲ್ಲ. ಆದರೆ ಅಕ್ಷರ ದುಂಡಗಿದೆ ಅನ್ನೋ ಒಂದೇ ಕಾರಣಕ್ಕೆ ಶಾಲೆಯಲ್ಲಿ ಏನೇ ಬರೆಯೋದಿದ್ದರೂ ನನ್ನ ತಲೆಗೇ ಬರುತ್ತದೆ.

ಹೋದ ತಿಂಗಳು ನಮ್ಮ ಹೆಡ್‌ಮಾಸ್ತರು ನಿವೃತ್ತಿ ಆದರು. ಗಣಿತದ ಮಾಸ್ತರು. ಮಾನಪತ್ರ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ ಅಂತ ಎಲ್ಲರೂ ಹೇಳಿದರು. ಕನ್ನಡದ್ದು ಒಂದು ತಾಸಿನಲ್ಲಿ ಮುಗಿಯಿತು. ಇಂಗ್ಲಿಷಿನಲ್ಲಿ ‘ಗುಡ್ ಸರ್ವಿಸ್’ ಅಂತ ಬರೆದು ನೋಡಿದೆ. ಉಪ್ಪಿಲ್ಲದ ಸಾರಿನ ಹಾಗೆ ಅನ್ನಿಸಿತು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಕನ್ನಡ ನಿಘಂಟು ಒಂದಿದೆ. ರಟ್ಟು ಕಿತ್ತುಹೋಗಿದೆ, ಮೊದಲಿನ ಹಾಳೆಗಳೇ ಇಲ್ಲ. ಅದನ್ನು ತಿರುವಿ ಹಾಕುವಾಗ ಈ ಪದ ಸಿಕ್ಕಿತು. ‘ಅಸಾಧಾರಣವಾದ, ಪ್ರಖ್ಯಾತ’ ಅಂತ ಅರ್ಥ ಕೊಟ್ಟಿದ್ದರು. ಅದರ ಕೆಳಗೆ ಇನ್ನೊಂದು ಸಾಲು ಇತ್ತು ಅಂತ ಕಾಣುತ್ತದೆ. ಅಲ್ಲಿ ಗೆದ್ದಲು ತಿಂದಿತ್ತು. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

‘34 ವರ್ಷಗಳ ತಮ್ಮ ಇಗ್ರೀಜಸ್ ಸೇವೆಗಾಗಿ’ ಅಂತ ಇಂಗ್ಲಿಷಿನಲ್ಲಿ ಬರೆದು, ಗಾಜಿನ ಕಟ್ಟು ಹಾಕಿಸಿ, ಶಾಲು ಹೊದಿಸಿ ಕೊಟ್ಟೆವು. ಜೋರು ಚಪ್ಪಾಳೆ ಬಿತ್ತು.

ಮೊನ್ನೆ ಅವರ ಅಳಿಯ ಪುಣೆಯಿಂದ ಬಂದಿದ್ದರಂತೆ. ಗೋಡೆ ಮೇಲಿದ್ದ ಮಾನಪತ್ರ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಸರ್ ಪಕ್ಕದ ಮನೆಯವರು ಸಂತೆಯಲ್ಲಿ ಸಿಕ್ಕು ಹೇಳಿದರು. ಮನೆಗೆ ಬಂದು ಮೊಬೈಲಿನಲ್ಲಿ ನೋಡಿದರೆ ‘ಭಯಂಕರ ಕೆಟ್ಟ’ ಅಂತ ಬರುತ್ತದೆ. ನಿಘಂಟು ಸುಳ್ಳೋ, ಮೊಬೈಲ್ ಸುಳ್ಳೋ? ಒಂದೇ ಪದ ಹೊಗಳಿಕೆಯೂ ಬೈಗುಳವೂ ಆಗೋದು ಹೇಗೆ? ಸರ್ ಮುಂದೆ ಯಾವ ಮುಖ ಇಟ್ಟುಕೊಂಡು ಹೋಗಲಿ?

ಕರದಂಟು_ಗೋಕಾಕ

ಓದಿ ಚಹಾ ನೆತ್ತಿಗೆ ಹತ್ತಿತು. ಭಯಂಕರ ಕೆಟ್ಟ ಸೇವೆ ಮಾಡಿದ್ದಕ್ಕೆ ಶಾಲು ಬೇರೆ ಹೊದಿಸಿದ್ದೀರಲ್ಲ ಸರ. ಮೊದಲು ಅಳಿಯನ ಬಾಯಿ ಮುಚ್ಚಿಸಿ. ಪದದ ಮೂಲ ಆಮೇಲೆ ನೋಡೋಣ.

ಇಳಕಲ್_ಸೆರಗು

ಕೃಷ್ಣಾತೀರ ಸರ, ಗಾಬರಿ ಆಗಬೇಡಿ. ನಿಘಂಟೂ ಸುಳ್ಳಲ್ಲ, ಮೊಬೈಲೂ ಸುಳ್ಳಲ್ಲ. ಗೆದ್ದಲೇ ತಿನ್ನಬಾರದ ಸಾಲನ್ನು ತಿಂದಿದೆ.

ಮೊದಲು ಪದವನ್ನು ಬಿಡಿಸಿಕೊಳ್ಳೋಣ. ಒಂಬತ್ತು ಅಕ್ಷರ: ಇ, ಜಿ, ಆರ್, ಇ, ಜಿ, ಐ, ಒ, ಯು, ಎಸ್. ಬಾಯಲ್ಲಿ ಹೇಳುವಾಗ ಇ-ಗ್ರೀ-ಜಸ್. ಮೂರೇ ತುಂಡು. ನಡುವಿನ ‘ಗ್ರೀ’ ಮೇಲೆ ಒತ್ತು. ‘ಎಗ್ರೆಗಿಯಸ್’ ಅಂತ ಓದುವವರು ಬಹಳ ಮಂದಿ ಇದ್ದಾರೆ, ನಾನೂ ಎಂ.ಎ. ಮೊದಲ ವರ್ಷದವರೆಗೆ ಹಾಗೇ ಓದುತ್ತಿದ್ದೆ. ಮೊದಲನೇ ಜಿ ‘ಗ’ ಆಗುತ್ತದೆ, ಎರಡನೇ ಜಿ ‘ಜ’ ಆಗುತ್ತದೆ.

ಪದ ಲ್ಯಾಟಿನ್ನಿನದು. ಅಲ್ಲಿ ‘ಗ್ರೆಕ್ಸ್’ ಅಂದರೆ ಹಿಂಡು. ಕುರಿ ಹಿಂಡು, ದನದ ಹಿಂಡು, ಯಾವುದಾದರೂ. ‘ಹಿಂಡಿನ’ ಅನ್ನಬೇಕಾದರೆ ‘ಗ್ರೆಗಿಸ್’ ಆಗುತ್ತದೆ. ಎದುರಿಗಿರುವ ‘ಇ’ ಅನ್ನೋದು ‘ಎಕ್ಸ್’ ಅನ್ನುವುದರ ಮೊಟಕು, ‘ಒಳಗಿಂದ ಹೊರಗೆ’ ಅಂತ. ಎರಡೂ ಕೂಡಿದರೆ ಹಿಂಡಿನಿಂದ ಹೊರಗೆ ನಿಂತದ್ದು, ಬೇರೆಯಾಗಿ ಎದ್ದು ಕಾಣುವಂಥದ್ದು. ರೋಮನ್ನರಿಗೆ ಅದು ಶುದ್ಧ ಹೊಗಳಿಕೆ. ನೂರಾರು ಜನರ ನಡುವೆ ಒಬ್ಬ ಅಂತ ನಾವು ಹೇಳುತ್ತೇವಲ್ಲ, ಹಾಗೆ.

ಇಂಗ್ಲಿಷಿಗೆ ಇದು ಬಂದದ್ದು 16ನೇ ಶತಮಾನದಲ್ಲಿ. ಬರುವಾಗ ಒಳ್ಳೆಯ ಅರ್ಥದಲ್ಲೇ ಬಂತು. ಅದೇ ಶತಮಾನ ಮುಗಿಯುವ ಹೊತ್ತಿಗೆ ಜನ ವ್ಯಂಗ್ಯವಾಗಿ ಬಳಸೋಕೆ ಶುರು ಮಾಡಿದ್ದರು. ಷೇಕ್ಸ್‌ಪಿಯರನ ‘ಒಥೆಲೋ’ ನಾಟಕದಲ್ಲಿ ಇಯಾಗೋ ತನ್ನ ಯಜಮಾನನನ್ನು ಎಂಥಾ ಕತ್ತೆ ಮಾಡುತ್ತೇನೆ ನೋಡಿ ಅನ್ನುವಾಗ ಇದೇ ಪದದ ಕ್ರಿಯಾವಿಶೇಷಣ ರೂಪ ಬಳಸುತ್ತಾನೆ. ಅಲ್ಲಿ ಹೊಗಳಿಕೆಯ ವಾಸನೆಯೂ ಇಲ್ಲ.

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ ಎರಡೂ ಅರ್ಥ ಕೊಟ್ಟಿದ್ದಾನೆ. ಮೊದಲು ಒಳ್ಳೆಯದು, ಆಮೇಲೆ ಕೆಟ್ಟದ್ದು. ಕೆಟ್ಟದ್ದರ ಮುಂದೆ ‘ರೂಢಿಯಲ್ಲಿರುವ ಅರ್ಥ ಇದೇ’ ಅಂತ ಸೇರಿಸಿದ್ದಾನೆ. ನಿಮ್ಮ ಅಜ್ಜನ ಪುಸ್ತಕವೂ ಅದೇ ಕ್ರಮ ಹಿಡಿದಿರಬೇಕು ಅನ್ನಿಸುತ್ತದೆ. ಮೊದಲ ಸಾಲು ಉಳಿಯಿತು, ಎರಡನೇ ಸಾಲು ಗೆದ್ದಲಿನ ಪಾಲಾಯಿತು.

ಈಗ ಒಳ್ಳೆಯ ಅರ್ಥದಲ್ಲಿ ಯಾರೂ ಬಳಸುವುದಿಲ್ಲ. ಅಂದರೆ ನಿಮ್ಮ ಮಾನಪತ್ರ ಹೆಚ್ಚೂಕಮ್ಮಿ 450 ವರ್ಷ ತಡವಾಗಿ ಕೈಸೇರಿದೆ.

ಕರದಂಟು_ಗೋಕಾಕ

ನಮ್ಮ ಕಡೆ ಅಂಚೆಯೂ ಹಾಗೇ ಅಕ್ಕಾರ.

ಕುಂದಾ_ಕಾಕಾ

ನಾನು ಬೆಳಗಾವಿಯವನು. ಕೋರ್ಟಿನಲ್ಲಿ ಸ್ಟೆನೊ ಆಗಿದ್ದು ರಿಟೈರ್ ಆದವನು. ಈ ಪದ ನನಗೆ ಹಳೇ ಪರಿಚಯ. ಸಾಹೇಬರು ಡಿಕ್ಟೇಷನ್ ಕೊಡುವಾಗ ಸರಸರ ಹೇಳಿಬಿಡುತ್ತಿದ್ದರು. ಮೊದಲ ಸಲ ಕೇಳಿದಾಗ ‘ಅಗ್ರೀಜಸ್’ ಅಂತ ತಿಳಿದು ‘ಎ’ಯಿಂದ ಶುರು ಮಾಡಿ ಎರಡು ‘ಜಿ’ ಹಾಕಿ ಟೈಪ್ ಮಾಡಿದ್ದೆ. ಅವರು ಏನೂ ಅನ್ನಲಿಲ್ಲ, ಕೆಂಪು ಪೆನ್ನಿನಿಂದ ಒಂದು ಸುತ್ತು ಹಾಕಿ ಕಳಿಸಿದರು. ಆ ಸುತ್ತು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕೋರ್ಟಿನಲ್ಲಿ ಇದು ಸುಮ್ನೆ ಬರುವ ಪದ ಅಲ್ಲ. ತಪ್ಪು ಅಂದರೆ ತಪ್ಪು. ದೊಡ್ಡ ತಪ್ಪು ಅಂದರೆ ‘ಗ್ರಾಸ್’ ಅನ್ನುತ್ತಾರೆ. ಇನ್ಯಾರೂ ಮಾಡಿರಲಿಕ್ಕಿಲ್ಲ, ಇಷ್ಟು ಆದ ಮೇಲೆ ಬಿಡೋಕೆ ಆಗುವುದಿಲ್ಲ ಅನ್ನೋ ಮಟ್ಟಕ್ಕೆ ಹೋದಾಗ ಈ ಪದ ಹೊರಗೆ ಬರುತ್ತದೆ. ‘ಇಗ್ರೀಜಸ್ ವಯೊಲೇಷನ್’, ‘ಇಗ್ರೀಜಸ್ ಕಾಂಡಕ್ಟ್’. ಇದು ಕಿವಿಗೆ ಬಿದ್ದರೆ ಎದುರು ಕಟಕಟೆಯವನ ಕತೆ ಮುಗಿಯಿತು ಅಂತ ನಮಗೆ ಗೊತ್ತಾಗುತ್ತಿತ್ತು.

ಕನ್ನಡದಲ್ಲಿ ಒಂದೇ ಪದದಲ್ಲಿ ಹೇಳೋದು ಕಷ್ಟ. ‘ಘೋರ’ ಅಂದರೆ ರಕ್ತ ನೆನಪಾಗುತ್ತದೆ. ‘ಅಕ್ಷಮ್ಯ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಎದ್ದು ಕಾಣುವುದು ಇಲ್ಲ. ನಾನು ‘ಹದ್ದು ಮೀರಿದ’ ಅಂತ ಬರೆದುಕೊಳ್ಳುತ್ತಿದ್ದೆ. ಹಿಂಡು ಬಿಟ್ಟು ಹೋದದ್ದು, ಹದ್ದು ಮೀರಿದ್ದು. ಎರಡೂ ಒಂದೇ ಜಾತಿ ಅಲ್ವಾ?

ಅರ್ಥ ತಲೆಕೆಳಗಾಗುವುದು ಇಂಗ್ಲಿಷಿನವರ ರೋಗ ಅಂತ ತಿಳಿಯಬೇಡಿ. ‘ಸಾಹಸ’ ಅಂದರೆ ನಮಗೆ ಇವತ್ತು ಹೊಗಳಿಕೆ. ಹಳೇ ಧರ್ಮಶಾಸ್ತ್ರಗಳಲ್ಲಿ ಸಾಹಸ ಅಂದರೆ ಹಿಂಸೆಯ ಅಪರಾಧ, ದಂಡ ವಿಧಿಸುವಂಥದ್ದು. ಬಲ ಹಾಕಿ ಮಾಡಿದ ಕೆಲಸ ಅನ್ನೋ ಮೂಲ ಒಂದೇ. ಅಲ್ಲಿ ಕೆಟ್ಟದ್ದಾಗಿದ್ದು ಇಲ್ಲಿಗೆ ಬರುವಾಗ ಒಳ್ಳೆಯದಾಯಿತು.

ಇಳಕಲ್_ಸೆರಗು

ಕಾಕಾ, ‘ಸಾಹಸ’ದ ಉದಾಹರಣೆ ಚೆನ್ನಾಗಿದೆ. ‘ಮುಗ್ಧ’ವೂ ಹಾಗೇ. ‘ಮೂಢ’ ಮತ್ತು ‘ಮುಗ್ಧ’ ಒಂದೇ ಧಾತುವಿನ ಮಕ್ಕಳು. ಒಬ್ಬನನ್ನು ದಡ್ಡ ಅನ್ನುತ್ತೇವೆ, ಇನ್ನೊಬ್ಬನನ್ನು ಪಾಪ ಅನ್ನುತ್ತೇವೆ.

ಇಂಗ್ಲಿಷಿನಲ್ಲಿ ‘ನೈಸ್’ ನೋಡಿ. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ‘ಏನೂ ತಿಳಿಯದವ’ ಅನ್ನೋ ಅರ್ಥ. ಇಂಗ್ಲಿಷಿಗೆ ಬಂದಾಗ ‘ದಡ್ಡ’ ಆಗಿತ್ತು, ನಿಧಾನಕ್ಕೆ ಏರುತ್ತಾ ಏರುತ್ತಾ ‘ಒಳ್ಳೆಯದು’ ಆಯಿತು. ‘ಸಿಲ್ಲಿ’ ಅದೇ ಮೆಟ್ಟಿಲು ಇಳಿದು ಬಂತು. ಹಳೇ ಇಂಗ್ಲಿಷಿನಲ್ಲಿ ಅದರ ಅರ್ಥ ಸುಖಿ, ಭಾಗ್ಯವಂತ. ಇಬ್ಬರೂ ನಡುದಾರಿಯಲ್ಲಿ ಎಲ್ಲೋ ಎದುರುಬದುರು ಸಿಕ್ಕಿರಬೇಕು.

ಪರೀಕ್ಷೆ_ಪರದಾಟ

ನಾನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ, ವಿಜಯಪುರದಲ್ಲಿ ರೂಮ್ ಮಾಡಿದ್ದೇನೆ. ನಮ್ಮ ಕ್ಲಾಸಿನಲ್ಲಿ ದಿನಕ್ಕೆ 50 ಪದ ಬಾಯಿಪಾಠ ಮಾಡಿಸುತ್ತಾರೆ. ಅದರಲ್ಲಿ ಇಗ್ರೀಜಸ್, ಫ್ಲೇಗ್ರಂಟ್, ಬ್ಲೇಟಂಟ್ ಮೂರಕ್ಕೂ ಒಂದೇ ಅರ್ಥ ಕೊಟ್ಟಿದ್ದಾರೆ. ಹಾಗಾದರೆ ಖಾಲಿ ಜಾಗ ತುಂಬುವ ಪ್ರಶ್ನೆ ಬಂದಾಗ ಯಾವುದನ್ನು ಹಾಕೋದು?

ಇಳಕಲ್_ಸೆರಗು

ತಮ್ಮಾ, 50 ಪದ ಬಾಯಿಪಾಠ ಮಾಡಿದರೆ ಸಂಜೆಗೆ 5 ಉಳಿಯುತ್ತವೆ. ಮೂಲ ಗೊತ್ತಿದ್ದರೆ ಹತ್ತು ಪದ ಒಂದೇ ಗೂಟಕ್ಕೆ ಕಟ್ಟಬಹುದು. ಅದನ್ನು ಆಮೇಲೆ ಹೇಳುತ್ತೇನೆ.

‘ಫ್ಲೇಗ್ರಂಟ್’ ಅನ್ನೋದರ ಲ್ಯಾಟಿನ್ ಮೂಲಕ್ಕೆ ಉರಿಯುವುದು ಅಂತ ಅರ್ಥ. ಧಗಧಗ ಉರಿಯುವುದನ್ನು ಮುಚ್ಚಿಡೋಕೆ ಆಗುತ್ತದಾ? ಹಾಗೆ, ಎಲ್ಲರ ಕಣ್ಣೆದುರೇ ರಾಜಾರೋಷವಾಗಿ ನಿಯಮ ಮುರಿದರೆ ಫ್ಲೇಗ್ರಂಟ್. ಪೊಲೀಸಪ್ಪ ನಿಂತಿರುವಾಗಲೇ ಸಿಗ್ನಲ್ ಹಾರಿಸಿಕೊಂಡು ಹೋದ ಹಾಗೆ. ‘ಬ್ಲೇಟಂಟ್’ ಇನ್ನೊಂದು ಹೆಜ್ಜೆ ಮುಂದೆ, ನಾಚಿಕೆ ಬಿಟ್ಟದ್ದು. ಮುಖ ನೋಡಿಕೊಂಡೇ ಹೇಳುವ ಸುಳ್ಳು ಬ್ಲೇಟಂಟ್. ಈ ಪದವನ್ನು ಹುಟ್ಟಿಸಿದ್ದು ಎಡ್ಮಂಡ್ ಸ್ಪೆನ್ಸರ್ ಅನ್ನೋ ಕವಿ, 1596ರಲ್ಲಿ, ಒಂದು ಗದ್ದಲದ ಪ್ರಾಣಿಗೆ ವಿಶೇಷಣವಾಗಿ.

‘ಇಗ್ರೀಜಸ್’ಗೆ ಬಹಿರಂಗವಾಗಿ ಮಾಡಿರಬೇಕು ಅಂತ ಇಲ್ಲ. ಗುಟ್ಟಾಗಿ ಮಾಡಿದ್ದೂ ಆಗಬಹುದು. ಇಲ್ಲಿ ಮುಖ್ಯ ತಪ್ಪಿನ ಗಾತ್ರ. ಬೇರೆ ತಪ್ಪುಗಳ ಪಕ್ಕ ಇಟ್ಟರೆ ಇದೊಂದೇ ತಲೆ ಎತ್ತಿ ನಿಲ್ಲಬೇಕು. ಅದಕ್ಕೇ ‘ದಿ ಮೋಸ್ಟ್ ಇಗ್ರೀಜಸ್ ಎಗ್ಸಾಂಪಲ್’ ಅಂತ ಜಾಸ್ತಿ ಬರುತ್ತದೆ. ಎರರ್, ಮಿಸ್ಟೇಕ್, ಬ್ರೀಚ್, ಲೈ, ಇಂಥ ಪದಗಳಿಗಿಂತ ಮೊದಲು ಕೂರುತ್ತದೆ. ತಪ್ಪು ಒಂದೇ ಇದ್ದರೆ ಅದಕ್ಕೂ ಮೊದಲು ‘ಆ್ಯನ್’ ಬರಬೇಕು, ‘ಎ’ ಅಲ್ಲ.

ಎಲ್ಲಿ ಹಾಕಬಾರದು ಅನ್ನೋದು ಇನ್ನೂ ಮುಖ್ಯ. ಹೋಟೆಲಿನಲ್ಲಿ ಪಲ್ಯಕ್ಕೆ ಖಾರ ಜಾಸ್ತಿ ಆದರೆ ಅದು ಇಗ್ರೀಜಸ್ ಅಲ್ಲ. ಮಳೆ ಜೋರಾಗಿ ಬಂದರೂ ಅಲ್ಲ. ಮಳೆಗೆ ತಪ್ಪು ಒಪ್ಪು ಎಲ್ಲಿದೆ? ಮನುಷ್ಯರು ಮಾಡಿದ್ದಾಗಿರಬೇಕು, ಹಾಗೆ ಮಾಡಬಾರದಿತ್ತು ಅನ್ನೋ ಸಿಟ್ಟು ಇರಬೇಕು. ಅಣೆಕಟ್ಟಿನ ಗೇಟು ಎತ್ತೋದು ಮರೆತರೆ ಅದು ಇಗ್ರೀಜಸ್.

ನಿಮ್ಮ ಪ್ರಶ್ನೆಪತ್ರಿಕೆಯಲ್ಲಿ ಮೂರೂ ಒಟ್ಟಿಗೆ ಆಯ್ಕೆಯಾಗಿ ಬರೋದು ಕಡಿಮೆ. ಬಂದರೆ ವಾಕ್ಯದಲ್ಲಿ ‘ಎಲ್ಲರೆದುರು’ ಅನ್ನೋ ಸುಳಿವು ಇದೆಯಾ, ‘ಎಷ್ಟು ದೊಡ್ಡದು’ ಅನ್ನೋ ಸುಳಿವು ಇದೆಯಾ ನೋಡಿ.

ಹಿಂಡಿನ_ಹುಡುಗ

ನಾನು ಈ ಗುಂಪಿಗೆ ಹೊಸಬ. ಬಾದಾಮಿ ಕಡೆಯವನು, ಈಗ ಬೆಳಗಾವಿಯಲ್ಲಿ ಕಟ್ಟಡದ ಕೆಲಸದ ಸೂಪರ್‌ವೈಸರ್. ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಹಿಂಡು ಅಂತ ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ನಮ್ಮ ಮುತ್ತಜ್ಜನಿಂದ ಹಿಡಿದು ಅಪ್ಪನವರೆಗೂ ಎಲ್ಲರೂ ಕುರಿ ಕಾಯ್ದವರು.

ಅಕ್ಕಾರ ವ್ಯಂಗ್ಯದಿಂದ ಅರ್ಥ ಕೆಟ್ಟಿತು ಅಂದರು. ಇರಬಹುದು. ಆದರೆ ನನಗೆ ಬೇರೆ ಒಂದು ಮಾತು ಹೊಳೆಯಿತು.

ನಮ್ಮ ಅಜ್ಜನ ಹತ್ತಿರ ನೂರಕ್ಕೂ ಜಾಸ್ತಿ ಕುರಿ ಇದ್ದವು. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಹಿಂಡು ನಿಲ್ಲಿಸುತ್ತಿದ್ದೆವು. ಗೊಬ್ಬರ ಬೀಳುತ್ತದೆ ಅಂತ ಹೊಲದವರು ಜೋಳ ಕೊಡುತ್ತಿದ್ದರು. ನಾನು ರಜೆಯಲ್ಲಿ ಅಜ್ಜನ ಜೊತೆ ಹೋಗುತ್ತಿದ್ದೆ. ಹೊರಗಿನವರಿಗೆ ಹಿಂಡು ಅಂದರೆ ಕಂಬಳಿ ಹಾಸಿದ ಹಾಗೆ, ಒಂದೇ ಕರಿ ಬಣ್ಣ. ಕಾಯುವವನಿಗೂ ಹೆಚ್ಚಿನ ಕುರಿ ಬೇರೆ ಬೇರೆಯಾಗಿ ಕಣ್ಣಿಗೆ ಬೀಳುವುದಿಲ್ಲ. ಎರಡೇ ಬೀಳುತ್ತವೆ. ಒಂದು, ಗಂಟೆ ಕಟ್ಟಿದ ಟಗರು. ಅದು ಮುಂದೆ ಹೋದರೆ ಹಿಂಡೆಲ್ಲ ಹಿಂದೆ ಬರುತ್ತದೆ. ಇನ್ನೊಂದು, ಸಂದಿ ಸಿಕ್ಕರೆ ಸಾಕು ಮಂದಿಯ ಹೊಲಕ್ಕೆ ನುಗ್ಗುವ ಕುರಿ. ಅಂಥದ್ದೊಂದಕ್ಕೆ ಅಜ್ಜ ‘ಕಳ್ಳಿ’ ಅಂತ ಹೆಸರಿಟ್ಟಿದ್ದ. ಟಗರಿಗೊಂದು ಹೆಸರು, ಕಳ್ಳಿಗೊಂದು ಹೆಸರು. ಉಳಿದ ಕುರಿಗಳಿಗೆ ಹೆಸರೇ ಇರಲಿಲ್ಲ.

ಅಂದರೆ ಹಿಂಡಿನಿಂದ ಹೊರಗೆ ಕಾಣೋದು ಎರಡು ಕಾರಣಕ್ಕೆ. ಪದದಲ್ಲಿ ಮೊದಲಿಂದಲೂ ಎರಡೂ ದಾರಿ ಇದ್ದವು. ರೋಮನ್ನರು ಟಗರನ್ನು ನೋಡಿದರು, ಇಂಗ್ಲಿಷರು ಕಳ್ಳಿಯನ್ನು ನೋಡಿದರು. ತಪ್ಪಿದ್ದರೆ ತಿದ್ದಿ.

ಕುಂದಾ_ಕಾಕಾ

ತಮ್ಮಾ, ಇಷ್ಟು ವರ್ಷ ಈ ಪದ ಟೈಪ್ ಮಾಡಿದೆ. ಒಂದು ಸಲವೂ ಅದರೊಳಗೆ ಕುರಿ ಕಾಣಲಿಲ್ಲ ನನಗೆ.

ಇಳಕಲ್_ಸೆರಗು

ತಿದ್ದೋಕೆ ಏನೂ ಇಲ್ಲ ತಮ್ಮಾ. ವ್ಯಂಗ್ಯ ಅನ್ನೋದು ಪದಮೂಲ ಬಲ್ಲವರು ಸಾಮಾನ್ಯವಾಗಿ ಹೇಳೋ ಮಾತು. ಆದರೆ ವ್ಯಂಗ್ಯ ಹುಟ್ಟಬೇಕಾದರೂ ಪದ ಎರಡೂ ಕಡೆ ತಿರುಗುವಂತೆ ಇರಬೇಕು. ‘ಔಟ್‌ಸ್ಟ್ಯಾಂಡಿಂಗ್’ ನೋಡಿ. ಮಾರ್ಕ್ಸ್ ಕಾರ್ಡಿನಲ್ಲಿ ಬಂದರೆ ಮನೆಯಲ್ಲಿ ಪೇಢೆ ಹಂಚುತ್ತಾರೆ.

ಕರದಂಟು_ಗೋಕಾಕ

ಸೊಸೈಟಿ ನೋಟಿಸಿನಲ್ಲಿ ಬಂದರೆ ಸಾಲ ಬಾಕಿ. ಕಬ್ಬಿನ ಬಿಲ್ಲೂ ಎರಡು ವರ್ಷದಿಂದ ಔಟ್‌ಸ್ಟ್ಯಾಂಡಿಂಗ್ ಆಗಿಯೇ ಇದೆ.

ಮತ್ತೆ ವ್ಯಂಗ್ಯಕ್ಕೆ ರೋಮ್ ತನಕ ಯಾಕೆ ಹೋಗಬೇಕು? ನಮ್ಮ ‘ಶಾಣ್ಯಾ’ ಇಲ್ಲವಾ? ‘ಹುಡುಗ ಶಾಣ್ಯಾ ಅದಾನ’ ಅಂದರೆ ಹೆಣ್ಣು ಕೊಡುತ್ತಾರೆ. ‘ಭಾಳ ಶಾಣ್ಯಾ ಅದಿ ಬಿಡಪಾ’ ಅಂದರೆ ಏಟು ಬೀಳೋದು ಬಾಕಿ. ಪದ ಅದೇ, ‘ಭಾಳ’ ಒಂದು ಸೇರಿತು ಅಷ್ಟೇ. ‘ಘನಂದಾರಿ ಕೆಲಸ’ ಅನ್ನೋದನ್ನು ಹೊಗಳೋಕೆ ಬಳಸಿದವರನ್ನು ನಾನಂತೂ ನೋಡಿಲ್ಲ. ಕೃಷ್ಣಾತೀರ ಸರ್ ಮಾಡಿದ್ದು ಘನಂದಾರಿ ಕೆಲಸ.

ಇಳಕಲ್_ಸೆರಗು

‘ಘನಂದಾರಿ’! ಇದಕ್ಕಿಂತ ಒಳ್ಳೆ ಕನ್ನಡ ಜೊತೆಗಾರ ಸಿಗಲಿಕ್ಕಿಲ್ಲ. ಹೊರಗೆ ಹೊಗಳಿಕೆಯ ಅಂಗಿ, ಒಳಗೆ ಬೈಗುಳ. ಆದರೆ ಇಗ್ರೀಜಸ್ ಆ ಅಂಗಿಯನ್ನೂ ಕಳಚಿ ಬಿಸಾಕಿದೆ. ಈಗ ನಗುತ್ತಾ ಹೇಳುವ ಮಾತಲ್ಲ ಅದು, ನೇರ ಆರೋಪ. ಇಟಲಿಯವರು ಮಾತ್ರ ಹಳೇ ಅರ್ಥ ಬಿಟ್ಟಿಲ್ಲ. ಅಲ್ಲಿ ಔಪಚಾರಿಕ ಪತ್ರವನ್ನು ‘ಎಗ್ರೆಜಿಯೊ’ ಅಂತ ಶುರು ಮಾಡುತ್ತಾರೆ, ನಮ್ಮ ‘ಮಾನ್ಯರೇ’ ಇದ್ದ ಹಾಗೆ.

ಪರದಾಟ ತಮ್ಮಾ, ಗೂಟದ ಮಾತು ಮರೆತಿಲ್ಲ. ಅದೇ ‘ಗ್ರೆಕ್ಸ್’ ಗೂಟಕ್ಕೆ ಇನ್ನೂ ನಾಲ್ಕು ಕಟ್ಟಿದ್ದಾರೆ. ಹಿಂಡಿನಲ್ಲಿ ಖುಷಿಯಾಗಿರುವವ, ಮಂದಿ ಬೇಕು ಅನ್ನುವವ ‘ಗ್ರಿಗೇರಿಯಸ್’. ಹಿಂಡು ಕೂಡುವುದು ‘ಕಾಂಗ್ರಿಗೇಟ್’. ಹಿಂಡಿಗೆ ಸೇರಿಸುವುದು ‘ಅಗ್ರಿಗೇಟ್’, ಎಲ್ಲ ವಿಷಯದ ಅಂಕ ಕೂಡಿಸಿ ಹೇಳುತ್ತೇವಲ್ಲ ಅದು. ಹಿಂಡಿನಿಂದ ಬೇರೆ ಮಾಡುವುದು ‘ಸೆಗ್ರಿಗೇಟ್’. ಬೆಳಿಗ್ಗೆ ಕಸದ ಗಾಡಿಯವರು ಹಸಿ ಕಸ ಒಣ ಕಸ ಬೇರೆ ಮಾಡಿ ಅಂತ ಕೂಗಿಕೊಂಡು ಹೋಗುವುದೂ ಕುರಿ ಬೇರೆ ಮಾಡಿದ ಮಾತೇ.

ಹಿಂಡಿನ_ಹುಡುಗ

ಅಗ್ರಿಗೇಟ್ ನನಗೆ ಗೊತ್ತು ಅಕ್ಕಾರ. ನಮ್ಮ ಸೈಟಿನಲ್ಲಿ ಖಡಿಗೆ ಅಗ್ರಿಗೇಟ್ ಅಂತಲೇ ಬಿಲ್ ಬರುತ್ತದೆ. 20 ಎಂ.ಎಂ. ಖಡಿ, 40 ಎಂ.ಎಂ. ಖಡಿ. ಇಷ್ಟು ದಿನ ಕಲ್ಲಿನ ಹಿಂಡು ಎಣಿಸುತ್ತಿದ್ದೆ ಅಂತ ಇವತ್ತು ತಿಳಿಯಿತು.

ಕೃಷ್ಣಾತೀರ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಪದ ಅರ್ಥ ಆಯಿತು. ಆದರೆ ಹೊಟ್ಟೆಯ ಸಂಕಟ ಕಡಿಮೆ ಆಗಿಲ್ಲ, ಜಾಸ್ತಿಯೇ ಆಗಿದೆ. ಸರ್ ನನಗೂ ಗಣಿತ ಹೇಳಿದವರು. ನಾನು ಅವರ ಕೈಯಲ್ಲೇ ಕಲಿತು ಅದೇ ಶಾಲೆಗೆ ಮಾಸ್ತರ ಆಗಿ ಬಂದವನು. ಹಳೇ ಅರ್ಥದಲ್ಲಿ ಬರೆದೆ ಅಂತ ಹೇಳಿದರೆ ನಂಬುತ್ತಾರಾ? ಸುಮ್ನೆ ಜಾಣತನ ಮಾಡಿದ ಹಾಗೆ ಕಾಣುವುದಿಲ್ಲವಾ?

ಗುಮ್ಮಟನಗರಿ

ಗಣಿತದ ಮಾಸ್ತರು ಅಂತ ಮೊದಲೇ ಹೇಳಿದ್ದಿರಿ, ಯಾರೂ ಹಿಡಿಯಲಿಲ್ಲ. ನಾನು ವಿಜಯಪುರದಲ್ಲಿ ಕಾಲೇಜಿನಲ್ಲಿ ಗಣಿತ ಹೇಳುತ್ತೇನೆ. ನಿಮ್ಮನ್ನು ಕಾಪಾಡುವ ದಾರಿ ಗಣಿತದಲ್ಲೇ ಇದೆ.

ಜರ್ಮನಿಯ ಗಣಿತಜ್ಞ ಕಾರ್ಲ್ ಫ್ರೆಡ್ರಿಕ್ ಗೌಸ್ 1827ರಲ್ಲಿ ಬಾಗಿದ ಮೇಲ್ಮೈಗಳ ಬಗ್ಗೆ ಒಂದು ಪ್ರಬಂಧ ಬರೆದ. ಲ್ಯಾಟಿನ್ ಭಾಷೆಯಲ್ಲಿ. ಅದರಲ್ಲಿ ಒಂದು ಪ್ರಮೇಯ ಅವನಿಗೇ ಎಷ್ಟು ಇಷ್ಟ ಆಯಿತು ಅಂದರೆ ಅದನ್ನು ‘ಎಗ್ರೆಗಿಯುಮ್’ ಅಂತ ಕರೆದ. ‘ಥಿಯೊರೆಮಾ ಎಗ್ರೆಗಿಯುಮ್’. ಅಸಾಧಾರಣ ಪ್ರಮೇಯ. ಇವತ್ತಿಗೂ ಜಗತ್ತಿನ ಎಲ್ಲ ಕಡೆ ಅದಕ್ಕೆ ಅದೇ ಹೆಸರು. ಕೃಷ್ಣಾತೀರ ಸರ್ ಬಳಸಿದ ಅರ್ಥದಲ್ಲೇ. ಗಣಿತದವರ ಮನೆ ಗೋಡೆ ಮೇಲೆ ಆ ಪದ ಇದ್ದರೆ ಅದು ಬೈಗುಳ ಅಂತ ಯಾರು ಹೇಳಿದರು?

ಪ್ರಮೇಯ ಏನು ಅಂತ ಕೇಳುತ್ತೀರಿ, ಗೊತ್ತು. ಹೇಳುತ್ತೇನೆ. ಊಟಕ್ಕೆ ಕುಳಿತಾಗ ಬಿಸಿ ಜೋಳದ ರೊಟ್ಟಿ ಒಂದು ಅಂಚು ಹಿಡಿದು ಎತ್ತಿ. ಆಚೆ ತುದಿ ಜೋತು ಬೀಳುತ್ತದೆ. ಈಗ ಅದೇ ರೊಟ್ಟಿಯನ್ನು ನಡುವೆ ಸ್ವಲ್ಪ ದೋಣಿಯ ಹಾಗೆ ಮಡಚಿ ಹಿಡಿಯಿರಿ. ತುದಿ ನೆಟ್ಟಗೆ ನಿಲ್ಲುತ್ತದೆ. ಯಾಕೆ?

ಯಾವುದೇ ಮೇಲ್ಮೈಯ ಒಂದು ಬಿಂದುವಿನಲ್ಲಿ ಅತಿ ಹೆಚ್ಚು ಬಾಗುವ ದಿಕ್ಕು ಒಂದು, ಅತಿ ಕಡಿಮೆ ಬಾಗುವ ದಿಕ್ಕು ಒಂದು ಇರುತ್ತದೆ. ಆ ಎರಡು ಬಾಗುಗಳನ್ನು ಗುಣಿಸಿ. ಮೇಲ್ಮೈಯನ್ನು ಹಿಗ್ಗಿಸದೆ, ಹರಿಯದೆ ಹೇಗೇ ಮಡಚಿದರೂ ಆ ಗುಣಲಬ್ಧ ಬದಲಾಗುವುದಿಲ್ಲ. ಗೌಸ್ ತೋರಿಸಿದ್ದು ಇದು. ಚಪ್ಪಟೆ ರೊಟ್ಟಿಗೆ ಗುಣಲಬ್ಧ ಸೊನ್ನೆ. ನೀವು ಅಡ್ಡಕ್ಕೆ ಬಾಗಿಸಿದಿರಿ, ಅಂದರೆ ಒಂದು ಸಂಖ್ಯೆ ಸೊನ್ನೆ ಅಲ್ಲ. ಗುಣಲಬ್ಧ ಸೊನ್ನೆಯಾಗಿಯೇ ಇರಬೇಕಾದರೆ ಇನ್ನೊಂದು ಸಂಖ್ಯೆ ಸೊನ್ನೆ ಆಗಲೇಬೇಕು. ಹಾಗಾಗಿ ಉದ್ದಕ್ಕೆ ರೊಟ್ಟಿ ಬಾಗುವಂತಿಲ್ಲ. (ಕಡಕ್ ರೊಟ್ಟಿಯಲ್ಲಿ ಪ್ರಯೋಗ ಮಾಡಬೇಡಿ.)

ಇನ್ನೊಂದು, ನಮ್ಮೂರಿನದೇ. ಗೋಳಗುಮ್ಮಟದ ಗುಮ್ಮಟ ನೋಡಿದ್ದೀರಲ್ಲ, ಹೊರಗಿನ ವ್ಯಾಸ ಸುಮಾರು 44 ಮೀಟರ್. ಮೊಹಮ್ಮದ್ ಆದಿಲ್ ಶಾಹನ ಗೋರಿ, 1656ರಲ್ಲಿ ಮುಗಿದದ್ದು. ಅದು ಎರಡೂ ದಿಕ್ಕಿಗೆ ಒಂದೇ ಕಡೆ ಬಾಗಿದೆ, ಗುಣಲಬ್ಧ ಸೊನ್ನೆ ಅಲ್ಲ. ಒಂದು ದೊಡ್ಡ ಹಾಳೆ ತಂದು ಅದರ ಮೇಲೆ ಸುಕ್ಕಿಲ್ಲದೆ ಹೊದಿಸಿ ನೋಡೋಣ ಅಂದರೆ ಆಗುವುದಿಲ್ಲ. ಎಷ್ಟು ಜಾಣ ದರ್ಜಿಯನ್ನು ಕರೆದುಕೊಂಡು ಬಂದರೂ ಎಲ್ಲಾದರೂ ಕತ್ತರಿಸಲೇಬೇಕು, ಇಲ್ಲ ನೆರಿಗೆ ಹಿಡಿಯಲೇಬೇಕು. ಕಟ್ಟಡದ ಮೂಲೆಯ ಮಿನಾರಿನ ಗೋಡೆಗೆ ಹಾಳೆ ಸುತ್ತಿದರೆ ಸಲೀಸಾಗಿ ಕೂರುತ್ತದೆ.

ಭೂಮಿಯ ನಕ್ಷೆಯ ಕತೆಯೂ ಇದೇ. ಗೋಳವನ್ನು ಹಾಳೆ ಮೇಲೆ ತರುವಾಗ ಏನೋ ಒಂದು ಕೆಡಲೇಬೇಕು. ಶಾಲೆಯ ಗೋಡೆಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದಲ್ಲ? ನಿಜಕ್ಕೂ ಆಫ್ರಿಕಾ ಅದರ 14 ಪಟ್ಟು ಇದೆ. ಸಮಾಜ ವಿಜ್ಞಾನದ ಮಾಸ್ತರು ನೀವು, ಇದು ನಿಮಗೂ ಬೇಕಾದ ಮಾತು.

ಸರ್ ಹತ್ತಿರ ಹೋಗಿ ಗೌಸ್ ಹೆಸರು ಹೇಳಿ. ಉಳಿದದ್ದು ಅವರೇ ನೋಡಿಕೊಳ್ಳುತ್ತಾರೆ.

ಇಳಕಲ್_ಸೆರಗು

ಗುಮ್ಮಟ ಸರ, ರೊಟ್ಟಿ ಮಡಚಿ ನೋಡಿದೆ. ನಿಂತಿತು! ಅತ್ತೆಯವರು ‘ಊಟ ಮಾಡೋದು ಬಿಟ್ಟು ಏನ್ ಆಟ’ ಅಂದರು.

ಆದರೆ ಒಂದು ಎಚ್ಚರಿಕೆ. ಅದು ಲ್ಯಾಟಿನ್ ಹೆಸರು. ಇಂಗ್ಲಿಷ್ ವಾಕ್ಯದಲ್ಲಿ ಇಗ್ರೀಜಸ್ ಅಂದರೆ ಅಳಿಯ ನಕ್ಕಿದ್ದು ಸರಿ. ನಾಳೆ ಶಾಲೆಗೆ ಬಂದ ಯಾರಾದರೂ ಓದಿದರೂ ಹಾಗೇ ತಿಳಿಯುತ್ತಾರೆ. ಹೊಗಳೋಕೆ ‘ಡಿಸ್ಟಿಂಗ್ವಿಷ್ಡ್’ ಇದೆ, ‘ಎಗ್ಸೆಂಪ್ಲರಿ’ ಇದೆ. ಇನ್ನೊಂದು ಪ್ರತಿ ಮಾಡಿಸಿ ಕೊಟ್ಟುಬಿಡಿ.

ಕೃಷ್ಣಾತೀರ

ಭಾನುವಾರ ಹೋಗಿ ಬಂದೆ. ಬರೆಯೋಕೆ ಎರಡು ದಿನ ಹಿಡಿಯಿತು.

ಬಾಗಿಲಲ್ಲೇ ನಿಂತು ‘ಸರ, ಮಾನಪತ್ರದಾಗ ಒಂದು ತಪ್ಪಾಗೇತಿ’ ಅಂದೆ. ‘ಗೊತ್ತೈತಿ, ಒಳಗ ಬಾ’ ಅಂದರು. ಚಹಾ ಬಂತು. ನಾನು ಹಿಂಡು, ಟಗರು, ಕಳ್ಳಿ, ಜಾನ್ಸನ್, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಗೌಸ್ ಹೆಸರು ಬಂದ ಕೂಡಲೇ ಸರ್ ಎದ್ದು ಕುಳಿತರು. ಹುಡುಗ ಗೌಸ್ 1ರಿಂದ 100ರವರೆಗೆ ಕೂಡಿಸಿದ ಕತೆಯನ್ನು ಅವರು ಎಂಟನೇ ಕ್ಲಾಸಿಗೆ ಪ್ರತಿ ವರ್ಷ ಹೇಳುತ್ತಿದ್ದರು, ನಾವೆಲ್ಲ 5050 ಅಂತ ಒಟ್ಟಿಗೆ ಕೂಗುತ್ತಿದ್ದೆವು. ಒಳಗಿನಿಂದ ರೊಟ್ಟಿ ತರಿಸಿದರು. ಮುಂಜಾನೆಯದು, ಗಟ್ಟಿ ಆಗಿತ್ತು. ಮಡಚಿದರೆ ಎರಡು ತುಂಡಾಯಿತು. ‘ಹರೀಬಾರದು ಅಂತ ಅದರಾಗ ಷರತ್ತು ಐತಲ್ಲ, ಬಿಡು’ ಅಂದರು.

ಆಮೇಲೆ ಗೋಡೆಯಿಂದ ಮಾನಪತ್ರ ಇಳಿಸಿ ನನ್ನ ತೊಡೆ ಮೇಲೆ ಇಟ್ಟರು.

‘ಅಳಿಯ ನಕ್ಕದ್ದು ಖರೆ. ಆ ಶಬ್ದ ನಾನು ನೋಡೇ ಇರಲಿಲ್ಲ. ನಾ ನೋಡಿದ್ದು ಇದನ್ನ’ ಅಂತ ಬೆರಳು ಇಟ್ಟರು. 34ರ ಮೇಲೆ. ‘1989ರಾಗ ಸೇರಿದೆ. 2025ರಾಗ ಬಿಟ್ಟೆ. ಎಷ್ಟಾತು?’

ನಾನು ಬೆರಳು ಮಡಚಲಿಲ್ಲ, ಆದರೆ ಮಡಚೋ ಹಾಗೆ ಆಯಿತು. 36. ಅವರು ಮೊದಲ 2 ವರ್ಷ ಬೇರೆ ಊರಿನ ಶಾಲೆಯಲ್ಲಿದ್ದರು, ಅದನ್ನು ನಾನು ಹಿಡಿದೇ ಇರಲಿಲ್ಲ.

‘ಆ ಎರಡು ವರ್ಷ ದಿನಾ ಎಂಟು ಮೈಲಿ ಸೈಕಲ್ ತುಳದೀನಿ. ಎಲ್ಲಿ ಒಗದಿ ಅದನ್ನ?’

ಪರೀಕ್ಷೆ_ಪರದಾಟ

ಗಣಿತದ ಮಾಸ್ತರರ ಮಾನಪತ್ರದಲ್ಲಿ ಕಳೆಯೋ ಲೆಕ್ಕ ತಪ್ಪು. ಆ್ಯನ್ ಇಗ್ರೀಜಸ್ ಎರರ್. ಅಕ್ಕಾರ, ಈ ವಾಕ್ಯ ಸರಿ ಇದೆಯಾ?

ಇಳಕಲ್_ಸೆರಗು

ಪೂರ್ತಿ ಮಾರ್ಕ್ಸ್.

ಕುಂದಾ_ಕಾಕಾ

ಕೆಂಪು ಪೆನ್ನು ಬೇಕಿದ್ದರೆ ನನ್ನ ಹತ್ತಿರ ಇದೆ.

ಕೃಷ್ಣಾತೀರ

ಹೊಸ ಪ್ರತಿ ಮಾಡಿಸುತ್ತಿದ್ದೇನೆ. 36 ಆಗುತ್ತದೆ, ಆ ಬೇರೆ ಊರಿನ ಹೆಸರೂ ಬರುತ್ತದೆ. ತೊಡಕು ಒಂದೇ. ಸರ್ ‘ಆ ಶಬ್ದ ಅಲ್ಲೇ ಇರಲಿ, ಗೌಸ್‌ಗೆ ನಡದದ್ದು ನನಗ ನಡೀತೈತಿ’ ಅಂದಿದ್ದಾರೆ. ನಿನ್ನೆ ರಾತ್ರಿ ಅವರ ಮಗಳು ಪುಣೆಯಿಂದ ಫೋನ್ ಮಾಡಿ ‘ದಯವಿಟ್ಟು ಡಿಸ್ಟಿಂಗ್ವಿಷ್ಡ್ ಅಂತ ಹಾಕಿಸ್ರೀ ಅಣ್ಣಾ’ ಅಂದರು. ಪ್ರೆಸ್ಸಿನವನು ಸಂಜೆಯೊಳಗೆ ಹೇಳಿ ಅನ್ನುತ್ತಿದ್ದಾನೆ. ಯಾರ ಮಾತು ಕೇಳಲಿ?

ಕರದಂಟು_ಗೋಕಾಕ

ಮಗಳ ಮಾತು ಕೇಳಿ ಸರ. ಅಳಿಯ ಮತ್ತೆ ಬರುವವನಿದ್ದಾನೆ.

ಗುಮ್ಮಟನಗರಿ

ಎರಡು ಪ್ರತಿ ಮಾಡಿಸಿ. ಹೊರಗಿನ ಪಡಸಾಲೆಗೆ ಮಗಳದ್ದು, ಒಳಗಿನ ಕೋಣೆಗೆ ಗೌಸ್‌ದು.

ಕೃಷ್ಣಾತೀರ

ಪ್ರೆಸ್ಸಿನವನಿಗೆ ಎರಡು ಅಂತ ಹೇಳಿದೆ. ಇಗ್ರೀಜಸ್‌ನ ಅಕ್ಷರ ಮತ್ತೊಮ್ಮೆ ಹೇಳಿ ಅಂದ. ಇ, ಜಿ, ಆರ್ ಅಂತ ಒಂದೊಂದಾಗಿ ಹೇಳುತ್ತಾ ನಿಂತಿದ್ದೇನೆ.